ಹಿತ್ತಿಲ ಬಿಸಿಲು

ಅರಸೀಕೆರೆಯ ನಮ್ಮ ಮನೆಯಲ್ಲಿ ರಾಗಿಗೆ ಬರವಿರಲಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೂ ಅಮ್ಮಿಯ ಮೂಳೆ ಸವೆದಿತ್ತು. ಸೊಂಟನೋವೆಂದಾಗ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಿರಿಸಿದ್ದೆವು. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಡಿಮೆ, ಪ್ಯಾರಾಥೈರಾಯ್ಡ್ ಹಾರ್ಮೋನು ಹೆಚ್ಚು. ಚರ್ಮಕ್ಕೆ ಬಿಸಿಲು ತಾಗದಿದ್ದರೆ ಡಿ ಹುಟ್ಟದು. ಡಿ ಇಲ್ಲದೆ ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರದು. ಆಗ ಕುತ್ತಿಗೆಯೊಳಗಿನ ಅಕ್ಕಿಕಾಳಿನಷ್ಟು ಪುಟ್ಟ ನಾಲ್ಕು ಗ್ರಂಥಿಗಳು ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಸಿ ರಕ್ತಕ್ಕೆ ತುಂಬುತ್ತವೆ.

ಫಜರ್‌ನಿಂದ ಇಶಾವರೆಗೆ ಒಲೆಯ ಮುಂದಿದ್ದ ಅಮ್ಮಿ ಬಿಸಿಲು ಕಂಡದ್ದು ಯಾವಾಗ? ನೆಂಟರೊಡನೆ ಬೇಲೂರು, ಹಳೇಬೀಡಿಗೆ ಹೋದಾಗಲೂ ಬುತ್ತಿ ಕಟ್ಟಿಕೊಟ್ಟು ಮನೆಯಲ್ಲೇ ಉಳಿದರು. ನಾವು ಬಿಸಿಲಲ್ಲಿ ನಿಂತು ಶಿಲಾಬಾಲಿಕೆಯರನ್ನು ನೋಡಿ ಬಂದೆವು.

ಈಗ ವೈದ್ಯರ ಮಾತ್ರೆಯ ಜೊತೆಗೆ ಹಿತ್ತಿಲಲ್ಲೊಂದು ಕುರ್ಚಿ ಹಾಕಿದ್ದೇವೆ. ‘ಒಲೆ ಮೇಲೆ ಸಾರಿದೆ’ ಎಂದು ಅಮ್ಮಿ ಏಳುತ್ತಾರೆ. ಆ ಸಾರನ್ನು ನೋಡಿಕೊಳ್ಳುವುದನ್ನು ಇನ್ನು ನಾವೇ ಕಲಿಯಬೇಕು.