ಓದಿಗೆಂದು ಮಾಡಿದ ಮನೆ

ಸುತ್ತೂರು ಮತ್ತು ಅದರ ಆಸುಪಾಸಿನ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಈಗ ಯಾವ ಬೀದಿಗೆ ಹೋದರೂ ಒಂದೆರಡು ಮನೆಗಳ ಬಗ್ಗೆ ಈ ಮಾತು ಕೇಳುತ್ತದೆ: ‘ಮಕ್ಳ ಓದಿಗೆ ಅಂತ ಮೈಸೂರಲ್ಲಿ ಮನೆ ಮಾಡವ್ರೆ.’ ಹೆಂಡತಿ, ಮಕ್ಕಳು ಕುವೆಂಪುನಗರದಲ್ಲೋ ವಿಜಯನಗರದಲ್ಲೋ ರಾಮಕೃಷ್ಣನಗರದಲ್ಲೋ ಬಾಡಿಗೆಗೆ ಇರುತ್ತಾರೆ. ಗಂಡ ಊರಿನಲ್ಲಿ ಗದ್ದೆ, ದನ, ವಯಸ್ಸಾದ ತಂದೆತಾಯಿಯರನ್ನು ನೋಡಿಕೊಂಡಿರುತ್ತಾನೆ. ವಾರಕ್ಕೊಮ್ಮೆ ಅಕ್ಕಿ, ರಾಗಿಹಿಟ್ಟು, ತೆಂಗಿನಕಾಯಿ ಊರಿಂದ ಹೋಗುತ್ತವೆ. ಹಬ್ಬಕ್ಕೆ, ಸುತ್ತೂರು ಜಾತ್ರೆಗೆ ಮಕ್ಕಳು ಊರಿಗೆ ಬರುತ್ತಾರೆ. ಕಳೆದ ಕೆಲವು ದಶಕಗಳಲ್ಲಿ ಈ ಏರ್ಪಾಡು ಬೆಳೆದದ್ದನ್ನೂ, ಅದರ ಜೊತೆಗೇ ಮೈಸೂರಿನಲ್ಲಿ ಮನೆ ಬಾಡಿಗೆಗೆ ಕೊಡುವ ವ್ಯವಹಾರ ಬದಲಾದದ್ದನ್ನೂ ನೋಡುತ್ತ ಬಂದ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಅನುಕೂಲಸ್ಥರ ಈ ಬಡಾವಣೆಗಳಿಗೆ ‘ಸಂಸಾರಸ್ಥರಿಗೆ ಒಳ್ಳೆಯ ಜಾಗ’ ಎಂಬ ಹೆಸರು ತಂದುಕೊಟ್ಟವರಲ್ಲಿ ಬಾಡಿಗೆದಾರರ ಪಾಲು ಮಾಲೀಕರ ಪಾಲಿಗಿಂತ ಕಡಿಮೆಯೇನಲ್ಲ. ಆದರೂ ಇವತ್ತು ಸಂಸಾರಸ್ಥರಿಗೆ ಮಾತ್ರ ಮನೆ ಎನ್ನುವ ಆ ಬಡಾವಣೆಗಳು, ಮಕ್ಕಳಿಗಾಗಿಯೇ ಎರಡು ಕಡೆ ಒಲೆ ಹಚ್ಚಿರುವ ನಮ್ಮ ಕಡೆಯ ಸಂಸಾರಗಳನ್ನು ಸಂಸಾರವೆಂದು ಎಣಿಸಲು ಹಿಂದೆಗೆಯುತ್ತಿವೆ. ಇದು ತಪ್ಪು, ಮತ್ತು ಇದನ್ನು ಸರಿಪಡಿಸುವುದು ಕಷ್ಟವಲ್ಲ ಎಂಬುದು ನನ್ನ ವಾದ.

ಓದಲು ಮೈಸೂರಿಗೆ ಹೋಗುವುದು ಈ ಸೀಮೆಗೆ ಹೊಸದಲ್ಲ. ಸಂಸಾರ ಸಮೇತ ಹೋಗುವುದು ಹೊಸದು. ಹಿಂದೆ ಹೋಗುತ್ತಿದ್ದವನು ಒಬ್ಬ ಹುಡುಗ. ಅವನಿಗೆ ಇದ್ದ ದಾರಿಗಳು ಕೆಲವೇ: ನೆಂಟರ ಮನೆಯ ಪಡಸಾಲೆ, ನಾಲ್ಕು ಜನ ಸೇರಿ ಹಿಡಿದ ಕೋಣೆ, ಇಲ್ಲವೇ ವಾರಾನ್ನ. ವಾರಾನ್ನವಂತೂ ಜಾತಿಯ ಬಾಗಿಲು ದಾಟಿ ಬರುವಂಥದ್ದಲ್ಲ. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1940ರ ದಶಕದಲ್ಲಿ ಮೈಸೂರಿನಲ್ಲಿ ಹಳ್ಳಿಯ ಹುಡುಗರಿಗೆ ಉಚಿತ ಊಟ, ವಸತಿಯ ವಿದ್ಯಾರ್ಥಿನಿಲಯ ನಡೆಸತೊಡಗಿದ್ದು ಈ ಕಷ್ಟವನ್ನು ಕಂಡೇ. 1954ರಲ್ಲಿ ಅವರು ಸ್ಥಾಪಿಸಿದ ಜೆಎಸ್‌ಎಸ್ ಮಹಾವಿದ್ಯಾಪೀಠ ಮುಂದೆ ಕಾಲೇಜು, ಆಸ್ಪತ್ರೆಗಳವರೆಗೆ ಬೆಳೆಯಿತು. ಆದರೆ ಅದರ ಬೇರು ಇರುವುದು ಓದಲು ಬಂದವನಿಗೆ ಮೊದಲು ಉಳಿಯಲು ಒಂದು ಜಾಗ ಬೇಕು ಎಂಬ ಸರಳ ತಿಳಿವಳಿಕೆಯಲ್ಲಿ. ಆ ವಿದ್ಯಾರ್ಥಿನಿಲಯಗಳ ಋಣ ಈ ಸೀಮೆಯ ಮೇಲೆ ದೊಡ್ಡದಿದೆ. ಆದರೆ ಆ ಕಾಲದ ವಸತಿಗಳು ಬಹುಪಾಲು ಗಂಡುಮಕ್ಕಳವು. ಹತ್ತು ವರ್ಷದ ಹುಡುಗಿಯನ್ನು ಊರು ಬಿಡಿಸಿ ಓದಿಸಲು ಯಾವ ತಾಯಿಗೂ ಧೈರ್ಯ ಬರುತ್ತಿರಲಿಲ್ಲ. ಆ ಧೈರ್ಯ ಬಂದದ್ದು ತಾಯಿಯೇ ಜೊತೆಗೆ ಹೋಗಿ ಮನೆ ಮಾಡಿದಾಗ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಇಂಜಿನಿಯರು, ವೈದ್ಯರು, ಉಪನ್ಯಾಸಕರಾದದ್ದರ ಹಿಂದೆ ಮೊದಲನೇ ಮಹಡಿಯ ಒಂದು ಬಾಡಿಗೆ ಮನೆಯಿದೆ. ಬಾಡಿಗೆ ಮನೆಯನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದು ಇದಕ್ಕಾಗಿ.

ಇನ್ನು ಬಡಾವಣೆಗಳ ವಿಷಯ. ಮೈಸೂರಿನ ಬಡಾವಣೆಗಳು ತಾವಾಗಿ ಬೆಳೆದವಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದ ಪ್ಲೇಗು ಕಿಕ್ಕಿರಿದ ಕೇರಿಗಳನ್ನು ಬಿಡಿಸಿ ಹೊಸ ಬಡಾವಣೆ ಹಾಕುವುದನ್ನು ಅನಿವಾರ್ಯ ಮಾಡಿತು. 1903ರ ಕಾಯ್ದೆಯಿಂದ ನಗರ ಸುಧಾರಣಾ ವಿಶ್ವಸ್ತ ಮಂಡಳಿ ಬಂತು; 1988ರಲ್ಲಿ ಅದರ ಜಾಗಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಬಂತು. ಅಗಲವಾದ ರಸ್ತೆ, ನಡುವೆ ಪಾರ್ಕು, ಶಾಲೆಗೆ ಬಿಟ್ಟ ಜಾಗ, 30x40ರಿಂದ ಹಿಡಿದು ದೊಡ್ಡ ಅಳತೆಯವರೆಗಿನ ನಿವೇಶನಗಳು ಎಲ್ಲವೂ ಸಾರ್ವಜನಿಕ ಸಂಸ್ಥೆ ಹಾಕಿಕೊಟ್ಟ ನಕ್ಷೆಯ ಫಲ. ನಿವೇಶನ ಸಿಕ್ಕವರು ಕೂಡ ಮೊದಲ ವರ್ಷಗಳಲ್ಲಿ ಪೂರ್ತಿ ಒಡೆಯರಾಗಿರಲಿಲ್ಲ. ಗುತ್ತಿಗೆ ಸಹಿತ ಮಾರಾಟದ ಕರಾರಿನ ಮೇಲೆ ಅದನ್ನು ಪಡೆದು, ಅವಧಿ ಮುಗಿದ ಮೇಲೆ ಕ್ರಯಪತ್ರ ಮಾಡಿಸಿಕೊಳ್ಳಬೇಕಿತ್ತು. ಈ ನಕ್ಷೆಗೆ ಜೀವ ತುಂಬಿದವರು ಯಾರು? ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ 1950ರಲ್ಲಿ ಬಂತು. 1963ರಲ್ಲಿ ಶಿಕ್ಷಕರ ತರಬೇತಿಯ ರೀಜನಲ್ ಕಾಲೇಜು, ಅದಾದ ಎರಡು ಮೂರು ವರ್ಷಕ್ಕೆ ವಾಕ್ ಶ್ರವಣ ಸಂಸ್ಥೆ, 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಬಂದವು. ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಂತೂ ಪಕ್ಕದಲ್ಲೇ ಇತ್ತು. ಯಾದವಗಿರಿಯ ಜಾವಾ ಕಾರ್ಖಾನೆ, ಆಮೇಲೆ ಬೆಮೆಲ್, ಇನ್ಫೋಸಿಸ್. ಇವುಗಳಿಗೆ ಬಂದ ಬಂಗಾಳಿ, ಒಡಿಯಾ, ತಮಿಳು, ಮಲಯಾಳಿ, ಉತ್ತರ ಕರ್ನಾಟಕದ ನೌಕರರು ಸರಸ್ವತೀಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರಗಳಲ್ಲಿ ಹೆಚ್ಚಾಗಿ ಮೊದಲು ಬಾಡಿಗೆದಾರರಾಗಿಯೇ ಇದ್ದರು. ಅವರ ಮಕ್ಕಳಿಂದ ಶಾಲೆಗಳು ತುಂಬಿದವು, ಅವರ ಬಾಡಿಗೆಯಿಂದ ಮಾಲೀಕರು ಮನೆ ಸಾಲ ತೀರಿಸಿ ಮೇಲೊಂದು ಮಹಡಿ ಎತ್ತಿದರು. ಒಳ್ಳೆಯ ಶಾಲೆ, ಒಳ್ಳೆಯ ಗ್ರಂಥಾಲಯ, ಸಂಜೆ ಮಕ್ಕಳು ಆಡುವ ಪಾರ್ಕು ಇವುಗಳಿಂದಲೇ ಬಡಾವಣೆಗೆ ಹೆಸರು ಬರುವುದಾದರೆ, ಆ ಹೆಸರಿನಲ್ಲಿ ಇವರ ಪಾಲನ್ನು ಕಳೆಯಲಾಗದು.

ಆ ಕಾಲದ ಬಾಡಿಗೆಯ ರೀತಿ ಬೇರೆ ಇತ್ತು. ಹಳೆಯ ಮೈಸೂರಿನ ವಠಾರಗಳಲ್ಲಿ ನಲ್ಲಿಯೊಂದು, ಬಾಡಿಗೆದಾರರು ಹತ್ತು ಮನೆಯವರು. ಬಡಾವಣೆಗಳಲ್ಲಿ ಮನೆಯ ಹಿಂದಿನ ಔಟ್‌ಹೌಸು. ಮಾಲೀಕರು ಅಲ್ಲೇ ಮುಂದಿನ ಮನೆಯಲ್ಲಿ. ಕಾಗದಪತ್ರ ಕಡಿಮೆ, ಮಾತು ಹೆಚ್ಚು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಮನೆ ಖಾಲಿಯಾದರೆ ಕಂಟ್ರೋಲರ್‌ಗೆ ತಿಳಿಸಬೇಕಿತ್ತು, ಅವರು ಬೇರೆಯವರಿಗೆ ಹಂಚಬಹುದಿತ್ತು. ಬಾಡಿಗೆದಾರನನ್ನು ಬಿಡಿಸುವುದು ಅಷ್ಟು ಸುಲಭವಿರಲಿಲ್ಲ. ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮಾಲೀಕರ ಸಂಕಟ ಸುಳ್ಳಲ್ಲ. ಅದರ ಬದಲಿಗೆ ಬಂದ 1999ರ ಬಾಡಿಗೆ ಕಾಯ್ದೆ ಚಕ್ರವನ್ನು ಇನ್ನೊಂದು ಕಡೆಗೆ ತಿರುಗಿಸಿತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿಗಿಂತ ಹೆಚ್ಚು ಬಾಡಿಗೆ ಬರುವ ಮನೆಗಳಿಗೆ ಅದು ಅನ್ವಯಿಸುವುದೇ ಇಲ್ಲ. ಇವತ್ತು ನಾನು ಹೇಳುತ್ತಿರುವ ಬಡಾವಣೆಗಳಲ್ಲಿ ಆ ಮೊತ್ತಕ್ಕೆ ಒಂದು ಕೋಣೆಯೂ ಸಿಗದು. ಹಾಗಾಗಿ ಬಾಡಿಗೆದಾರನಿಗೆ ಉಳಿದ ಆಸರೆ ಹನ್ನೊಂದು ತಿಂಗಳ ಕರಾರುಪತ್ರ ಮಾತ್ರ. ಹನ್ನೊಂದೇ ಏಕೆಂದರೆ, ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯನ್ನು 1908ರ ಕಾಯ್ದೆಯಂತೆ ನೋಂದಾಯಿಸಬೇಕಾಗುತ್ತದೆ. ಮಗುವಿನ ಶಾಲೆ ಹತ್ತು ವರ್ಷದ್ದು, ಮನೆಯ ಭರವಸೆ ಹನ್ನೊಂದು ತಿಂಗಳದ್ದು.

ಇದರ ಜೊತೆಗೆ ಭೋಗ್ಯವಿದೆ. ನಮ್ಮ ರೈತ ಮನೆಗಳಿಗೆ ಇದರ ಮೇಲೆ ಒಲವು ಹೆಚ್ಚು. 1974ರಲ್ಲಿ ಮುಗಿದ ಕಬಿನಿ ಜಲಾಶಯದ ನಾಲೆಗಳು ಈ ತಾಲ್ಲೂಕುಗಳ ಹೊಲಗಳನ್ನು ಗದ್ದೆ ಮಾಡಿದವು. ಭತ್ತ, ಕಬ್ಬಿನಿಂದ ಕೈಗೆ ಬರುವ ಹಣ ವರ್ಷಕ್ಕೆ ಒಂದೆರಡು ಸಲ, ಒಟ್ಟಿಗೇ ಬರುತ್ತದೆ. ಸಂಬಳದ ಹಾಗೆ ತಿಂಗಳು ತಿಂಗಳು ಬರುವುದಿಲ್ಲ. ಆದ್ದರಿಂದ ಮನೆಯ ಮಾಲೀಕರಿಗೆ ಕೆಲವು ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ವಾಪಸು ಪಡೆಯುವುದು ಅವರ ಲೆಕ್ಕಕ್ಕೆ ಒಗ್ಗುತ್ತದೆ. ಆದರೆ ಅಪಾಯವೂ ಇದರಲ್ಲೇ ದೊಡ್ಡದು. ಖರ್ಚಿಗೆ ಅಂಜಿ ಭೋಗ್ಯಪತ್ರವನ್ನು ನೋಂದಾಯಿಸದೆ ಬಿಡುತ್ತಾರೆ. ಅದೇ ಮನೆ ಬ್ಯಾಂಕಿನಲ್ಲಿ ಮೊದಲೇ ಅಡಮಾನವಾಗಿದ್ದರೆ, ಕಂತು ಕಟ್ಟದೆ ನೋಟಿಸು ಬಂದ ದಿನ, ಜಮೀನಿನ ದುಡ್ಡು ಕೊಟ್ಟು ಕೂತವರು ಬೀದಿಯಲ್ಲಿ ನಿಲ್ಲುತ್ತಾರೆ. ಭೋಗ್ಯಕ್ಕೆ ಹೋಗುವವರು ಋಣಭಾರ ಪತ್ರ ತೆಗೆಸಿ ನೋಡಿ, ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಾಯಿಸುವುದು ಅಗತ್ಯ. ಇಷ್ಟು ಮಾತು ಹಳ್ಳಿಯ ಪ್ರತಿ ಮನೆಗೆ ತಲುಪಬೇಕು.

ಕಾಗದದ ಬದಲಾವಣೆಗಿಂತ ನನ್ನನ್ನು ಹೆಚ್ಚು ಕಾಡುವುದು ಪ್ರಶ್ನೆಗಳ ಬದಲಾವಣೆ. ‘ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು ನೋಡಿ ಎರಡು ಮಕ್ಕಳ ತಾಯಿ ಗೇಟು ತೆಗೆದರೆ ಮಾಲೀಕರು ಮೊದಲು ಕೇಳುವುದು: ‘ನಿಮ್ಮೆಜಮಾನ್ರು ಎಲ್ಲಿರ್ತಾರಮ್ಮಾ?’ ಊರಲ್ಲಿ ಎಂದರೆ ಅವರ ಮುಖ ಸಣ್ಣದಾಗುತ್ತದೆ. ಗಂಡನಿಲ್ಲದೆ ಮನೆ ನಡೆಸುವ ಹೆಂಗಸು, ಆಗಾಗ ಬಂದುಹೋಗುವ ಊರಿನವರು, ಭಾನುವಾರದ ನಾಟಿಕೋಳಿ ಸಾರು, ಇವೆಲ್ಲ ಅಡ್ಡಿಯಾಗುತ್ತವೆ. ಆಮೇಲಿನದು ಜಾತಿಯ ಪ್ರಶ್ನೆ. ನೇರವಾಗಿ ಕೇಳುವವರು ಈಗ ಕಡಿಮೆ. ಊಟದ ವಿಷಯ, ಊರಿನ ಕೇರಿಯ ವಿಷಯ, ಮನೆದೇವರ ಹೆಸರು ಕೇಳಿ ತಿಳಿದುಕೊಳ್ಳುತ್ತಾರೆ. 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಹೋದ ಅಂಬೇಡ್ಕರರು ಪಾರ್ಸಿ ಹೆಸರಿಟ್ಟುಕೊಂಡು ಛತ್ರದಲ್ಲಿ ಉಳಿಯಬೇಕಾಯಿತು, ಗುಟ್ಟು ತಿಳಿದು ದೊಣ್ಣೆ ಹಿಡಿದವರು ಹೊರಹಾಕಿದರು. ಕೊಲಂಬಿಯಾದಲ್ಲಿ ಓದಿ ಬಂದವರಿಗೂ ಒಂದು ಕೋಣೆ ಸಿಗದ ಆ ಕಥೆಗೆ ನೂರು ವರ್ಷ ದಾಟಿದೆ. ಈಗ ದೊಣ್ಣೆ ಕಾಣುವುದಿಲ್ಲ, ‘ನಿನ್ನೆ ತಾನೇ ಬೇರೆಯವರಿಗೆ ಮಾತಾಯ್ತು’ ಎಂಬ ಮಾತಿದೆ. ನಂಜನಗೂಡು, ನರಸೀಪುರ ಕಡೆಯ ದಲಿತ ನೌಕರರಿಗೆ ಆ ಮಾತು ಚೆನ್ನಾಗಿ ಗೊತ್ತು.

ಅಪರಿಚಿತರಿಗೆ ಮನೆ ಕೊಡಲು ಭಯವಾಗುತ್ತದೆ, ಅಷ್ಟೇ, ಎನ್ನುವವರು ಗೋಕುಲಂ ಕಡೆ ನೋಡಬೇಕು. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಅಲ್ಲಿಗೆ ಬಂದ ಮೇಲೆ ಅಮೆರಿಕ, ಯುರೋಪು, ಜಪಾನ್ ಮುಂತಾದ ಕಡೆಗಳಿಂದ ಬಂದವರು ತಿಂಗಳು, ಎರಡು ತಿಂಗಳ ಮಟ್ಟಿಗೆ ಆ ಬಡಾವಣೆಯಲ್ಲಿ ಮನೆ ಹಿಡಿಯತೊಡಗಿದರು. ಕೆಲವರು ಮಕ್ಕಳ ಸಮೇತ, ಕೆಲವರು ಒಂಟಿ ಹೆಂಗಸರು. ಅವರ ಜಾತಿ ಯಾರೂ ಕೇಳಲಿಲ್ಲ, ಗಂಡ ಎಲ್ಲಿ ಎಂದು ಕೇಳಲಿಲ್ಲ. ಬಡಾವಣೆ ಕೆಡಲೂ ಇಲ್ಲ. ಅಂಗಡಿ, ಹೋಟೆಲುಗಳು ಬೆಳೆದವು. ಸಾಗರದಾಚೆಯ ಅಪರಿಚಿತರನ್ನು ನಂಬಬಹುದಾದರೆ ಮೂವತ್ತು ಕಿಲೋಮೀಟರ್ ದೂರದ ಸುತ್ತೂರಿನವರನ್ನು ನಂಬಲು ಏನು ತೊಡಕು? ಉತ್ತರದ ಒಂದು ಭಾಗ ಹಣ ಎಂಬುದನ್ನು ಒಪ್ಪುತ್ತೇನೆ. ಉಳಿದ ಭಾಗವನ್ನು ಮಾಲೀಕರು ತಮ್ಮನ್ನು ತಾವು ಕೇಳಿಕೊಳ್ಳಬೇಕು.

ಮನೆ ಅವರದು, ಯಾರಿಗೆ ಕೊಡಬೇಕೆನ್ನುವುದೂ ಅವರ ಇಷ್ಟ ಎಂಬ ಆಕ್ಷೇಪ ಹಗುರವಲ್ಲ. ಎಷ್ಟೋ ಮಾಲೀಕರು ನಿವೃತ್ತರು. ಮೇಲಿನ ಮಹಡಿಯ ಬಾಡಿಗೆ ಅವರ ಔಷಧಿಯ ಖರ್ಚು. ಮನೆ ಬಿಡದೆ ಕೂತ ಬಾಡಿಗೆದಾರನ ಹಳೆಯ ಕಥೆಗಳು ಅವರ ನೆನಪಿನಲ್ಲಿವೆ. ಆದರೆ ಆ ಭಯ ಹುಟ್ಟಿಸಿದ ಕಾನೂನು ಹೋಗಿ ಎರಡು ದಶಕ ಕಳೆಯಿತು. ಈಗಿನ ತಕ್ಕಡಿ ಮಾಲೀಕರ ಕಡೆಗೇ ಬಾಗಿದೆ. ಕರಾರುಪತ್ರ ಅವರ ಕೈಯಲ್ಲಿ, ಮುಂಗಡ ಅವರ ಕೈಯಲ್ಲಿ, ಬಿಡುವಾಗ ಬಣ್ಣದ ಖರ್ಚೆಂದು ಹಿಡಿದುಕೊಳ್ಳುವ ಒಂದು ತಿಂಗಳ ಬಾಡಿಗೆಯೂ ಅವರದೇ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆ, ಬಿಡದೆ ಕೂತವನಿಗೆ ದುಪ್ಪಟ್ಟು ಬಾಡಿಗೆಯ ದಂಡವನ್ನೂ ಹೇಳುತ್ತದೆ. ಇಬ್ಬರ ಭಯಕ್ಕೂ ಅದರಲ್ಲಿ ಉತ್ತರವಿದೆ. ಮಾಲೀಕರ ಹಕ್ಕನ್ನು ಕಾಯಲು ಗಂಡ ಎಲ್ಲಿ, ಕೇರಿ ಯಾವುದು ಎಂದು ಕೇಳಬೇಕಾದ ಅಗತ್ಯ ಎಲ್ಲಿಯೂ ಬರುವುದಿಲ್ಲ.

ಮೈಸೂರು ಇಷ್ಟು ಹತ್ತಿರವಿರುವಾಗ ಬಸ್ಸಿನಲ್ಲಿ ಓಡಾಡಬಹುದಲ್ಲ ಎಂದು ಕೇಳುವವರಿದ್ದಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವೂ ಆಗಿದೆ; ಕಾಲೇಜಿನ ಹುಡುಗಿಯರಿಗೆ ಅದರಿಂದ ನಿಜವಾದ ಉಪಕಾರವಾಗಿದೆ. ಆದರೆ ಎಂಟು ವರ್ಷದ ಮಗು ಬೆಳಗ್ಗೆ ಕತ್ತಲಲ್ಲಿ ಎದ್ದು, ಸಂಜೆ ತುಂಬಿದ ಬಸ್ಸಿನಲ್ಲಿ ನಿಂತು, ಮನೆಗೆ ಬಂದು ಓದುವುದು ಆಗುವ ಮಾತಲ್ಲ. ಊರಿನ ಶಾಲೆಯನ್ನೇ ಚೆನ್ನಾಗಿ ಮಾಡಬೇಕು ಎನ್ನುವವರ ಮಾತು ಇದಕ್ಕಿಂತ ಆಳವಾದದ್ದು, ಅದನ್ನು ಮನಸಾರೆ ಒಪ್ಪುತ್ತೇನೆ. ಸುತ್ತೂರಿನಲ್ಲೇ ಹೊರರಾಜ್ಯದ ಮಕ್ಕಳೂ ಬಂದು ಓದುವ ಉಚಿತ ವಸತಿ ಶಾಲೆಯಿದೆ. ಹಳ್ಳಿಯಲ್ಲಿ ಒಳ್ಳೆಯ ಶಾಲೆ ನಡೆಯದು ಎನ್ನುವವರಿಗೆ ಅದು ಕಣ್ಣೆದುರಿನ ಉತ್ತರ. ಪ್ರತಿ ಹೋಬಳಿಗೂ ಅಂಥದ್ದು ಬಂದರೆ ಊರಿನಲ್ಲಿ ಮುದುಕರಷ್ಟೇ ಉಳಿದ ಮನೆಗಳು ಕಡಿಮೆಯಾಗುತ್ತವೆ. ಅಲ್ಲಿಯವರೆಗೆ ಈಗ ಮೂರನೇ ತರಗತಿಯಲ್ಲಿರುವ ಮಗು ಕಾಯಲಾರದು.

ಬಾಡಿಗೆದಾರರನ್ನು ಮನೆಯವರೆಂದು ಎಣಿಸಿದರೆ ಏನೂ ಮುಳುಗುವುದಿಲ್ಲ ಎಂಬುದಕ್ಕೆ ಹತ್ತಿರದ ಸಾಕ್ಷಿ 2023ರ ಗೃಹಜ್ಯೋತಿ. ತಿಂಗಳಿಗೆ 200 ಯೂನಿಟ್ ಮಿತಿಯ ಆ ಉಚಿತ ವಿದ್ಯುತ್ತು ಬಾಡಿಗೆದಾರರಿಗೂ ಉಂಟೆಂದು ಸರ್ಕಾರ ಹೇಳಿ, ಅವರ ಆಧಾರ್ ಜೋಡಿಸಿಕೊಂಡಿತು. ತಮ್ಮ ಮೀಟರಿಗೆ ಬೇರೆಯವರ ಹೆಸರೇ ಎಂದು ಮೊದಲು ಅಳುಕಿದ ಮಾಲೀಕರಿದ್ದರು. ಯಾರ ಮನೆಯೂ ಕೈಬಿಟ್ಟು ಹೋಗಲಿಲ್ಲ. ಆದರೆ ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘಗಳಲ್ಲಿ ಬಾಡಿಗೆದಾರರ ದನಿ ಇನ್ನೂ ಕೇಳಿಬರುವುದು ಅಪರೂಪ. ಗಣೇಶನ ಚಂದಾಕ್ಕೆ ಅವರ ಬಾಗಿಲು ತಟ್ಟುತ್ತಾರೆ. ಪಾರ್ಕಿನ ಗೇಟು ಎಷ್ಟು ಹೊತ್ತಿಗೆ ತೆಗೆಯಬೇಕು, ನೀರು ಬಿಡುವ ಹೊತ್ತು ಯಾವುದು, ರಸ್ತೆಯ ದೀಪದ ದೂರು ಯಾರಿಗೆ ಕೊಡಬೇಕು ಎಂಬ ಮಾತಿಗೆ ಕರೆಯುವುದಿಲ್ಲ. ಇವೆಲ್ಲ ಮಕ್ಕಳಿರುವ ಮನೆಯ ವಿಷಯಗಳೇ.

ಸಂಘದ ಸದಸ್ಯರು ಯಾರು ಎಂಬುದನ್ನು ಸಂಘದ ನಿಯಮಾವಳಿಯೇ ಹೇಳುತ್ತದೆ. ಅದನ್ನು ತಿದ್ದಿ ಬಾಡಿಗೆದಾರರನ್ನೂ ಸೇರಿಸುವುದಕ್ಕೆ ವಿಧಾನಸೌಧಕ್ಕೆ ಹೋಗಬೇಕಾಗಿಲ್ಲ, ಒಂದು ಸರ್ವಸದಸ್ಯರ ಸಭೆ ಸಾಕು. ಕರಾರನ್ನು ಹನ್ನೊಂದು ತಿಂಗಳಿಗೆ ಮಾಡಿದರೂ ಮಕ್ಕಳಿರುವ ಮನೆಯನ್ನು ಶಾಲೆಯ ವರ್ಷದ ನಡುವೆ ಖಾಲಿ ಮಾಡಿಸುವುದಿಲ್ಲ ಎಂಬ ಒಂದು ಸಾಲು ಅದರಲ್ಲಿ ಸೇರಿದರೆ ಮಾಲೀಕರಿಗೆ ನಷ್ಟವಿಲ್ಲ. ಈಗ ನಗರವೇ ನಮ್ಮ ಕಡೆಗೆ ಬರುತ್ತಿದೆ. ತಿ. ನರಸೀಪುರ ರಸ್ತೆಯಲ್ಲಿ ವರುಣದ ಕಡೆಗೂ, ನಂಜನಗೂಡು ರಸ್ತೆಯಲ್ಲಿ ಕಡಕೊಳದ ಕಡೆಗೂ ಖಾಸಗಿ ಬಡಾವಣೆಗಳ ಕಲ್ಲು ನೆಡುತ್ತಿದ್ದಾರೆ. ಅಲ್ಲಿ ನಿವೇಶನ ಕೊಳ್ಳುವವರಲ್ಲಿ ಮಕ್ಕಳ ಓದಿಗೆಂದು ಮೈಸೂರಿನಲ್ಲಿ ವರ್ಷಗಟ್ಟಲೆ ಬಾಡಿಗೆಗೆ ಇದ್ದ ಇದೇ ಹಳ್ಳಿಗಳ ಸಂಸಾರಗಳೂ ಇವೆ. ಆ ಬಡಾವಣೆಗಳಲ್ಲೂ ಮೇಲಿನ ಮಹಡಿಗಳು ಬಾಡಿಗೆಗೆ ಹೋಗುತ್ತವೆ, ಸಂಘಗಳ ನಿಯಮಾವಳಿಗಳು ಬರೆಯಲ್ಪಡುತ್ತವೆ. ಬಾಡಿಗೆದಾರರಿಗೂ ಸದಸ್ಯತ್ವ ಎಂಬ ಸಾಲನ್ನು ಮೊದಲ ದಿನವೇ ಅವುಗಳಲ್ಲಿ ಬರೆಸುವ ಅವಕಾಶ ಅವರಿಗಿದೆ.