ಆಕಳ ಮೂತ್ರವೂ ಗಾಜಿನ ಕಡ್ಡಿಯೂ

ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದುತ್ತಿದ್ದ ದಿನಗಳಲ್ಲಿ ಕೊಟ್ಟಿಗೆ ಬಳಿಯುವುದೂ, ವಿಭೂತಿಗೆಂದು ಸಗಣಿ ಆಯ್ದಿಡುವುದೂ ನಮ್ಮ ಪಾಲಿನ ಕಾಯಕವಾಗಿದ್ದಿತು. ಗೋಮೂತ್ರವೆಂಬುದು ಸದಾ ಒಂದೇ ಗುಣದ ದ್ರವ್ಯವೆಂದು ಆಗ ನಂಬಿದ್ದೆ. ತಿಂದ ಮೇವಿನಂತೆ ಅದರ ಹುಳಿ, ಕ್ಷಾರಗಳು ಬದಲಾಗುತ್ತವೆಂಬುದನ್ನು ಅರುವತ್ತು ದಾಟಿದ ಮೇಲೆ, ಜೇಬಿನಲ್ಲಿ ಹಿಡಿಸುವ ಒಂದು ವಿದ್ಯುನ್ಮಾನ ಮಾಪಕದಿಂದ ಕಲಿಯಬೇಕಾಯಿತು.

ನಮ್ಮ ಮನೆಯ ಮಿಶ್ರತಳಿಯ ಆಕಳು ಮೂರನೆಯ ಕರು ಹಾಕಿದ ಮರುದಿನವೇ ನೆಲ ಹಿಡಿಯಿತು. ಕಿವಿ ತಣ್ಣಗಾಗಿ, ಕತ್ತನ್ನು ಮಗ್ಗುಲಿಗೆ ಹೊರಳಿಸಿ ಮಲಗಿದ್ದುದನ್ನು ಕಂಡು ಮನೆಯವರು ದೃಷ್ಟಿಯೆಂದರು. ಪಶುವೈದ್ಯನಾದ ನನ್ನ ಸೋದರಳಿಯ ಬಂದು, ಎದೆಬಡಿತವನ್ನು ಆಲಿಸುತ್ತ, ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಏರಿಸಿದ. ಆಕಳು ಎದ್ದು ನಿಂತಿತು. ಈ ರೋಗಕ್ಕೆ ಹಾಲುಜ್ವರವೆಂದು ಹೆಸರು. ಆದರೆ ಮೈ ಕಾಯುವುದಿಲ್ಲ, ತಣ್ಣಗಾಗುತ್ತದೆ. ವ್ಯಾಕರಣ ಓದಿದವನಿಗೆ ಇಂಥ ಹೆಸರು ಸಹಿಸದು! ಕರು ಹಾಕಿದೊಡನೆ ಹಾಲಿಗೆ ಕ್ಯಾಲ್ಸಿಯಂ ಹರಿದುಹೋಗುವಾಗ ಎಲುಬಿನ ಭಂಡಾರ ಬೇಗನೆ ತೆರೆಯದಿದ್ದರೆ ರಕ್ತದಲ್ಲಿ ಅದರ ಕೊರತೆಯಾಗುತ್ತದೆ.

ಮುಂದಿನ ಸಲ, ದಿನ ತುಂಬುವುದಕ್ಕೆ ಮೂರು ವಾರ ಮೊದಲೇ, ಹಿಂಡಿಯಲ್ಲಿ ಕ್ಲೋರೈಡ್ ಹಾಗೂ ಸಲ್ಫೇಟ್ ಲವಣಗಳನ್ನು ತೂಗಿ ಬೆರೆಸಲು ಅಳಿಯ ಹೇಳಿದ. ಅವು ರಕ್ತವನ್ನು ತುಸು ಹುಳಿಯ ಕಡೆಗೆ ವಾಲಿಸಿ, ಕ್ಯಾಲ್ಸಿಯಂ ಬಿಡಿಸುವ ಹಾರ್ಮೋನಿಗೆ ಎಲುಬು ಓಗೊಡುವಂತೆ ಮಾಡುತ್ತವೆ. ಹೆಚ್ಚಾದ ಆಮ್ಲವನ್ನು ಮೂತ್ರಪಿಂಡ ಹೊರಹಾಕುತ್ತದೆ. ಎಂದಿನ ಮೇವಿನಲ್ಲಿ ಆಕಳ ಮೂತ್ರದ ಪಿಎಚ್ ಸುಮಾರು 8. ಲವಣ ಮೈಗೆ ಹತ್ತಿದರೆ 6ರಿಂದ 7ರ ನಡುವೆ ಬರಬೇಕು. 5.5ಕ್ಕಿಂತಲೂ ಕೆಳಗಿಳಿದರೆ ಅತಿಯಾಯಿತೆಂದೇ ಅರ್ಥ.

ಅಳೆಯುವ ಕಡ್ಡಿಯ ತುದಿಯಲ್ಲಿ ತೆಳುಗಾಜಿನ ಪುಟ್ಟ ಬುರುಡೆ. ಅದರ ಒಳಹೊರಗಿನ ಜಲಜನಕ ಅಯಾನುಗಳ ಅಂತರವು ವಿದ್ಯುತ್ತಾಗಿ, 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪಿಎಚ್‌ನ ಒಂದು ಅಂಕಕ್ಕೆ ಸುಮಾರು 59 ಮಿಲಿವೋಲ್ಟಿನಂತೆ, ತೋರುತ್ತದೆ. ಕ್ಯಾಲ್ಸಿಯಂ ಎಷ್ಟಿದೆಯೆಂಬುದನ್ನು ಈ ಯಂತ್ರ ಹೇಳದು. ಬಾಲದ ಕೆಳಗೆ ಮೆಲ್ಲನೆ ಸವರಿ, ಮೊದಲ ಧಾರೆಯನ್ನು ಬಿಟ್ಟು, ನಡುವಿನದನ್ನು ಲೋಟದಲ್ಲಿ ಹಿಡಿಯುತ್ತಿದ್ದೆ.

ಹತ್ತು ದಿನ ಕಳೆದರೂ ಅಂಕ 7.8ನ್ನು ಬಿಟ್ಟು ಇಳಿಯಲಿಲ್ಲ. ಲವಣ ಸಾಲದೆಂದು ನಿಶ್ಚಯಿಸಿ, ಯಾರನ್ನೂ ಕೇಳದೆ ಇಮ್ಮಡಿ ತೂಗಿಟ್ಟೆ. ಅದೃಷ್ಟಕ್ಕೆ ಆ ಸಂಜೆ ಅಳಿಯ ಬಂದ. "ಮಾವಾರ, ಈ ಕಡ್ಡಿ ಸರಿ ಐತೇನಂತ ನೋಡಿ ಎಷ್ಟು ದಿವಸಾತು?" ಎಂದು ಕೇಳಿದ. ನಾನು ಒಮ್ಮೆಯೂ ನೋಡಿರಲಿಲ್ಲ. ತೊಳೆದು, ಒರೆಸಿ, ಒಣಗಿಸಿಯೇ ಇಡುತ್ತಿದ್ದೆ. ಮಡಿಯೆಂದು ತಿಳಿದದ್ದೇ ಅದಕ್ಕೆ ಮುಳುವಾಗಿತ್ತು. ಗಾಜಿನ ತುದಿ ಸದಾ ದ್ರಾವಣದಲ್ಲಿ ಹಸಿಯಾಗಿರಬೇಕಂತೆ. ಅಳಿಯ ತಂದ, ಪಿಎಚ್ 7 ಎಂದು ಗೊತ್ತಿದ್ದ ನೀರಿನಲ್ಲಿ ಅದ್ದಿದರೆ ಮಾಪಕ 8.3 ತೋರಿಸಿತು. ರಾತ್ರಿಯಿಡೀ ನೆನೆಯಿಸಿ, 7 ಮತ್ತು 4ರ ದ್ರಾವಣಗಳಿಗೆ ಹೊಂದಿಸಿ, ಬೆಳಿಗ್ಗೆ ಮತ್ತೆ ಅಳೆದರೆ ಆಕಳ ಮೂತ್ರ 6.5! ಲವಣ ಎಂದೋ ಹತ್ತಿತ್ತು. ತೂಗಿಟ್ಟ ಇಮ್ಮಡಿಯನ್ನು ತಿನ್ನಿಸಿದ್ದರೆ ಗಬ್ಬದ ಆಕಳು ಮೇವು ಬಿಟ್ಟು ಬಳಲುತ್ತಿತ್ತು.

ಒಂಬತ್ತು ದಿನಗಳ ಮೇಲೆ ನಸುಕಿನಲ್ಲಿ ಹೆಣ್ಣುಕರು ಹುಟ್ಟಿತು. ಮೂರು ರಾತ್ರಿ ಕಂದೀಲು ಹಿಡಿದು ಕೊಟ್ಟಿಗೆಯಲ್ಲೇ ಕಾದೆ. ಆಕಳು ತನ್ನ ಕಾಲ ಮೇಲೆಯೇ ಇತ್ತು, ಮೂರನೆಯ ಬೆಳಗಿಗೆ ನನ್ನನ್ನು ಹಾಯಲೂ ಬಂದಿತು. ಮಾಪಕ ಈಗ ತುದಿಗೆ ಹಸಿ ಟೋಪಿ ಧರಿಸಿ, ನನ್ನ ಕನ್ನಡಕದ ಪಕ್ಕದಲ್ಲಿ ಗೂಡಿನಲ್ಲಿದೆ.