ಮೊಳಕೆಗೆ ಒಂದು ರಾತ್ರಿ

ಕುಕ್ಕರ್ ಮೂರನೇ ಸಲ ಕೂಗುವ ಹೊತ್ತಿಗೆ ನಾಲ್ಕು ವರ್ಷದ ಮಗು ರಚ್ಚೆ ಹಿಡಿಯುತ್ತದೆ. ಅಮ್ಮ ಮೊಬೈಲು ಕೊಡುತ್ತಾಳೆ. ಆಟದ ಜೊತೆಗೆ ಪಾಠವೂ ಆಯಿತಲ್ಲ ಎಂದು ಅವಳಿಗೂ ಸಮಾಧಾನ.

ನಮ್ಮಲ್ಲಿ 2016ರಿಂದ ಮೊಬೈಲಿನ ಇಂಟರ್‌ನೆಟ್ ಅಗ್ಗವಾಯಿತು. 2020ರಲ್ಲಿ ಕೊರೊನಾ ಬಂದು ಶಾಲೆಗಳಿಗೆ ಬೀಗ ಬಿತ್ತು. ‘ಆಡುತ್ತಾ ಕಲಿ’ ಎನ್ನುವ ಸರಕಿಗೆ ಗಿರಾಕಿ ಹೆಚ್ಚಿತು. ಕೊಳ್ಳುವ ದೊಡ್ಡವರಿಗೆ ಬೇಕಾದದ್ದು ಅರ್ಧ ಗಂಟೆಯ ಬಿಡುವು. ಮಾರುವವರಿಗೋ, ಮಗು ಎಷ್ಟು ಹೊತ್ತು ಕಣ್ಣು ಕೀಳದೆ ಕೂತಿತೆಂಬುದೇ ಲೆಕ್ಕ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಪರದೆಯ ಮುಂದೆ ಕೂರುವುದು ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಆ ಸಂಜೆ ಪರದೆಯ ಮೇಲೆ ಬೀಜವೊಂದು ಹತ್ತೇ ಸೆಕೆಂಡಿನಲ್ಲಿ ಮೊಳೆತು ಎಲೆ ಬಿಟ್ಟಿತು. ಅಲ್ಲೇ ಅಜ್ಜಿ, ನೆನೆಸಿದ ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದರು. ಮಗು ಒಂದು ಕಾಳನ್ನು ಬೆರಳಿನಿಂದ ಒತ್ತಿತು. ಏನೂ ಆಗಲಿಲ್ಲ.

‘ಯಾಕಜ್ಜೀ?’

‘ಅದಕ್ಕೂ ಹೊತ್ತು ಬೇಕು ಪುಟ್ಟಾ. ಬೆಳಿಗ್ಗೆ ನೋಡು.’

ಬೆಳಿಗ್ಗೆ ಯಾರೂ ಎಬ್ಬಿಸದೆ ಎದ್ದ ಮಗು ಗಂಟು ಬಿಚ್ಚಿಸಿತು. ಕಾಳಿಗೆಲ್ಲ ಬಿಳಿ ಮೊಳಕೆ! ಅಂದು ಕುಕ್ಕರ್ ಕೂಗಿದರೂ ಮೊಬೈಲಿನ ನೆನಪಾಗಲಿಲ್ಲ. ಕಾಯುವುದನ್ನು ಕಲಿಸುವ ಸರಕು ಪೇಟೆಗೆ ಬರಲಾರದೇನೋ. ಅಜ್ಜಿಯ ಒಂದು ಹಿಡಿ ಕಾಳು ಅದನ್ನು ಕಲಿಸಿತ್ತು.